ಅಪ್ಪನ ಕತ್ತಿನ ರಕ್ತನಾಳ 80% ಬ್ಲಾಕ್: ಆಪರೇಷನ್ನಾ, ಸ್ಟೆಂಟಾ?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 74 ವರ್ಷ, ಶುಗರ್ ಇದೆ, ಬಿಪಿ ಇದೆ, ಬೀಡಿ ಇನ್ನೂ ಬಿಟ್ಟಿಲ್ಲ. ಹೋದ ವಾರ ಕಾಫಿ ಕುಡಿಯುವಾಗ ಬಲಗೈಯಿಂದ ಲೋಟ ಜಾರಿ ಬಿತ್ತು, ಏನಾಯ್ತಪ್ಪಾ ಅಂದರೆ ಮಾತು ತೊದಲುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಗ್ಯಾಸ್ಟ್ರಿಕ್ ಇರಬೇಕು ಬಿಡು ಅಂದರು, ನಾನು ಕೇಳದೆ ಕರೆದುಕೊಂಡು ಹೋದೆ. ಮಿನಿ ಸ್ಟ್ರೋಕ್ ಅಂದರು. ಡಾಪ್ಲರ್, ಸಿಟಿ ಆಂಜಿಯೋ ಎರಡರಲ್ಲೂ ಎಡಗಡೆ ಕೆರೋಟಿಡ್ (ಮೆದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳ) 80% ಬ್ಲಾಕ್, ಬಲಗಡೆ 40%. ಒಬ್ಬ ಡಾಕ್ಟರ್ ಕತ್ತು ಕೊಯ್ದು ಒಳಗಿನ ಕೊಬ್ಬು ತೆಗೆಯಬೇಕು ಅಂತಾರೆ, ಇನ್ನೊಬ್ಬರು ತೊಡೆಯಿಂದ ತಂತಿ ಹಾಕಿ ರಕ್ತನಾಳ ತೆರೆದಿಡುವ ಬಲೆಯಂಥ ಕೊಳವೆ, ಅಂದರೆ ಸ್ಟೆಂಟ್ ಇಟ್ಟರೆ ಸಾಕು ಅಂತಾರೆ. ಅಪ್ಪ ಕತ್ತಿಗೆ ಚಾಕು ಬೇಡವೇ ಬೇಡ ಅಂತ ಕೂತಿದ್ದಾರೆ, ಅಮ್ಮ ರಾಗಿ ಕೊಯ್ಲು ಮುಗಿಯಲಿ ಅಂತಾರೆ. ಯಾವುದು ಒಳ್ಳೆಯದು?

ನರರೋಗ ವಾರ್ಡ್:
ಕೊಯ್ಲು ಕಾಯಬೇಡಿ ಮೇಡಂ. ಇದನ್ನು ಮೊದಲು ಹೇಳಬೇಕು, ಸ್ಟೆಂಟೋ ಆಪರೇಷನ್ನೋ ಆಮೇಲೆ. ಮಿನಿ ಸ್ಟ್ರೋಕ್ ಆದ ಮೊದಲ ದಿನಗಳಲ್ಲೇ ದೊಡ್ಡ ಸ್ಟ್ರೋಕ್ ಆಗುವ ಭಯ ಜಾಸ್ತಿ. ಏನೇ ಮಾಡಿಸಿದರೂ ಎರಡು ವಾರದೊಳಗೆ ಆದರೆ ಪೂರ್ತಿ ಲಾಭ. 1991ರ ನ್ಯಾಸ್ಸೆಟ್ ಅಧ್ಯಯನದಲ್ಲಿ ನಿಮ್ಮಪ್ಪನ ಹಾಗೆ ಲಕ್ಷಣ ಕಾಣಿಸಿಕೊಂಡು 70%ಗಿಂತ ಜಾಸ್ತಿ ಬ್ಲಾಕ್ ಇದ್ದವರನ್ನು ನೋಡಿದರು. ಬರೀ ಮಾತ್ರೆಯಲ್ಲಿದ್ದವರಲ್ಲಿ ಎರಡು ವರ್ಷಕ್ಕೆ 100ಕ್ಕೆ 26 ಜನಕ್ಕೆ ಬ್ಲಾಕ್ ಇದ್ದ ಬದಿಯ ಮೆದುಳಿನಲ್ಲಿ ಸ್ಟ್ರೋಕ್ ಆಯಿತು, ಆಪರೇಷನ್ ಆದವರಲ್ಲಿ 9.

ಇನ್ನು ನಿಮ್ಮ ಪ್ರಶ್ನೆ. 2010ರ ಕ್ರೆಸ್ಟ್ ಅಧ್ಯಯನದಲ್ಲಿ ಒಟ್ಟಾರೆ ಎರಡೂ ಸಮ ಬಂತು, ಆದರೆ ಒಳಗೆ ನೋಡಿದರೆ ವ್ಯತ್ಯಾಸ ಇದೆ. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟ್ರೋಕ್ ಆದದ್ದು ಸ್ಟೆಂಟ್‌ನಲ್ಲಿ 4.1%, ಆಪರೇಷನ್‌ನಲ್ಲಿ 2.3%. ಹಾರ್ಟ್ ಅಟ್ಯಾಕ್ ಮಾತ್ರ ಉಲ್ಟಾ, ಸ್ಟೆಂಟ್‌ನಲ್ಲಿ 1.1%, ಆಪರೇಷನ್‌ನಲ್ಲಿ 2.3%. ಸುಮಾರು 70 ದಾಟಿದವರಿಗೆ ಆಪರೇಷನ್ನೇ ವಾಸಿ ಅಂತ ಕಂಡಿತು. ವಯಸ್ಸಾದವರಲ್ಲಿ ಎದೆಯ ದೊಡ್ಡ ರಕ್ತನಾಳ ಗಟ್ಟಿಯಾಗಿ ಸೊಟ್ಟಗಾಗಿರುತ್ತದೆ, ತಂತಿ ಅಲ್ಲಿಂದಲೇ ಮೇಲೆ ಹೋಗಬೇಕು, ಹೋಗುವಾಗ ಗೋಡೆಗೆ ಅಂಟಿದ ಕೊಬ್ಬಿನ ಚೂರು ಕಿತ್ತುಕೊಂಡು ಮೆದುಳಿಗೆ ಸೇರಬಹುದು. ಚೂರು ಹಿಡಿಯೋಕೆ ಕೊಡೆಯಂಥ ಫಿಲ್ಟರ್ ಇದೆ, ಆದರೆ ಅದು ಬಿಚ್ಚಿಕೊಳ್ಳುವ ಮೊದಲೇ ತಂತಿ ಆ ದಾರಿ ದಾಟಿರುತ್ತದೆ. ಅವರ ಹೃದಯ ಗಟ್ಟಿ ಇದ್ದರೆ ನಾನು ಆಪರೇಷನ್ ಅಂತೀನಿ. ಹೃದಯ ತೀರಾ ವೀಕ್ ಇದ್ದರೆ, ಬ್ಲಾಕ್ ದವಡೆಯ ಹಿಂದೆ ತುಂಬಾ ಮೇಲಿದ್ದರೆ ಲೆಕ್ಕ ಬೇರೆ.

ತುಮಕೂರು ಅಣ್ಣ:
ನಮ್ಮಮ್ಮನಿಗೆ ಆಪರೇಷನ್ ಆಗಿದೆ. ಪೂರ್ತಿ ಅನಸ್ತೇಸಿಯಾ ಕೊಡಲಿಲ್ಲ, ಕತ್ತಿಗೆ ಮಾತ್ರ ಇಂಜೆಕ್ಷನ್. ಕೈಗೆ ಒಂದು ರಬ್ಬರ್ ಗೊಂಬೆ ಕೊಟ್ಟಿದ್ದರಂತೆ, ಆಗಾಗ ಒತ್ತಮ್ಮಾ ಅನ್ನುತ್ತಿದ್ದರು. ಕೀಂ ಅಂತ ಸದ್ದು ಬಂದರೆ ಮೆದುಳಿಗೆ ರಕ್ತ ಹೋಗ್ತಿದೆ ಅಂತ. ಆಮೇಲೆ ಕೆಲವು ವಾರ ಧ್ವನಿ ಒಡೆದಿತ್ತು, ಆ ಕಡೆ ಕಿವಿಯ ಕೆಳಗೆ ಜೋಮು. ಧ್ವನಿ ಸರಿಯಾಯಿತು, ಜೋಮು ಸ್ವಲ್ಪ ಇದೆ. ಅಪ್ಪನಿಗೆ ಇದನ್ನೆಲ್ಲ ಮೊದಲೇ ಹೇಳಿಬಿಡಿ ಅಕ್ಕ, ಗೊತ್ತಿದ್ದರೆ ಹೆದರಲ್ಲ.

ಮಲೆನಾಡು:
ನಮ್ಮ ಚಿಕ್ಕಪ್ಪನಿಗೆ ಸ್ಟೆಂಟ್. ಗಂಟಲು ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿತ್ತು, ಅಂಥ ಕತ್ತನ್ನು ಕೊಯ್ಯೋದು ಕಷ್ಟ ಅಂದರು. ಬಲೂನ್ ಉಬ್ಬಿಸಿದಾಗ ನಾಡಿ, ಬಿಪಿ ಎರಡೂ ಇಳಿದವು, ಹಾಗಾಗುವುದು ಮಾಮೂಲಿ ಅಂತ ಮೊದಲೇ ಹೇಳಿದ್ದರು. ಸ್ಟೆಂಟ್ ಹಾಕಿಸಿದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಎರಡನ್ನೂ ಡಾಕ್ಟರ್ ಹೇಳುವವರೆಗೆ ಒಂದು ದಿನವೂ ಬಿಡಬಾರದು. ಹಲ್ಲು ಕೀಳಿಸೋಕೆ ಹೋದಾಗಲೂ ಸುಮ್ನೆ ನಿಲ್ಲಿಸಬೇಡಿ.

ಹಾಸನದ ಮಗಳು:
ತುಂಬಾ ಥ್ಯಾಂಕ್ಸ್. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆ, ಹೃದಯ ಚೆನ್ನಾಗಿದೆ. ಅಮ್ಮನೂ ಒಪ್ಪಿದರು, ಕೊಯ್ಲು ಮಾವ ನೋಡಿಕೊಳ್ತಾರೆ. ಸರ್ಜನ್ ಹತ್ತಿರ ಏನು ಕೇಳಲಿ? ಬಲಗಡೆಯ 40% ಏನು ಮಾಡೋದು?

ನರರೋಗ ವಾರ್ಡ್:
ನಿಮ್ಮ ಕೈಯಲ್ಲಿ ವರ್ಷಕ್ಕೆ ಇಂಥವು ಎಷ್ಟು ಆಗುತ್ತವೆ, ಅವರಲ್ಲಿ ಎಷ್ಟು ಜನಕ್ಕೆ ಸ್ಟ್ರೋಕ್ ಆಯಿತು ಅಥವಾ ಜೀವ ಹೋಯಿತು ಅಂತ ನೇರವಾಗಿ ಕೇಳಿ. ಲಕ್ಷಣ ಇದ್ದವರಲ್ಲಿ ಅದು 100ಕ್ಕೆ 6ಕ್ಕಿಂತ ಕಡಿಮೆ ಇರಬೇಕು. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳಲ್ಲ. ಆಯುಷ್ಮಾನ್ ಕಾರ್ಡ್ ಇದ್ದರೆ ಕೌಂಟರ್‌ನಲ್ಲಿ ಇವತ್ತೇ ವಿಚಾರಿಸಿ, ಅನುಮತಿ ಬರೋಕೆ ಸಮಯ ಹಿಡಿಯಬಹುದು. ಬಲಗಡೆಯದನ್ನು ಮುಟ್ಟುವುದು ಬೇಡ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ, ಬಿಪಿ, ಶುಗರ್ ಹಿಡಿತ, ಆಗಾಗ ಡಾಪ್ಲರ್. ಬೀಡಿ ಇವತ್ತಿಂದಲೇ ಬಂದ್.