ಅವಳಿಯಲ್ಲಿ ಒಂದಕ್ಕೆ ಹೃದಯವಿಲ್ಲ: ಕಾಯುವುದೋ, ಸೂಜಿ ಚಿಕಿತ್ಸೆಯೋ?

ಸಿಂಧನೂರು: ತಂಗಿಗೆ 17ನೇ ವಾರ. ಒಂದೇ ಮಾಸು (ಜರಾಯು) ಹಂಚಿಕೊಂಡ ಅವಳಿ, ಒಂದಕ್ಕೆ ಹೃದಯವೇ ಬೆಳೆದಿಲ್ಲ. ವರದಿಯಲ್ಲಿ ‘ಟ್ರ್ಯಾಪ್’ ಎಂದಿದೆ, ಅಂದರೆ ಚೆನ್ನಾಗಿರುವ ಮಗುವಿನ ರಕ್ತವೇ ಹೃದಯವಿಲ್ಲದ್ದಕ್ಕೂ ಹರಿಯುತ್ತಿದೆಯಂತೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ರಾಯಚೂರು: ನಾವು ಹೈದರಾಬಾದಿಗೆ ಹೋದೆವು. ಹೃದಯವಿಲ್ಲದ್ದರ ತೂಕ ಇನ್ನೊಂದರ ಶೇ. 70 ದಾಟಿತ್ತು. ರೇಡಿಯೋ ತರಂಗದ ಸೂಜಿಯಿಂದ ಸುಟ್ಟು ಅದಕ್ಕೆ ಹೋಗುವ ರಕ್ತ ನಿಲ್ಲಿಸಿದರು. ಒಟ್ಟು ₹1,40,000. ಅದರಲ್ಲಿ ಸೂಜಿಗೇ ₹45,000. ಒಮ್ಮೆ ಬಳಸಿ ಎಸೆಯುವ ಸೂಜಿ! ಕಾರಿಗೆ ₹11,000, ನಿಲ್ಲಿಸಿಕೊಂಡಿದ್ದಕ್ಕೆ ಬೇರೆ. ನಮ್ಮ ಆರೋಗ್ಯ ಕಾರ್ಡ್ ಅಲ್ಲಿ ನಡೆಯಲಿಲ್ಲ. ಊರಿಗೆ ಬಂದ ಮೇಲೆ ಗರ್ಭದ ನೀರು ಜಿನುಗತೊಡಗಿತು, ಮತ್ತೆ ಆಸ್ಪತ್ರೆ, ಮತ್ತೆ ಸಾಲ. ಮಗ ಈಗ ಅಂಗನವಾಡಿಗೆ ಹೋಗುತ್ತಾನೆ.

ಗಂಗಾವತಿ: ಎಲ್ಲರೂ ಹೈದರಾಬಾದಿಗೆ ಓಡಬೇಕಿಲ್ಲ. ನಮ್ಮದರಲ್ಲಿ ಅದು ಚಿಕ್ಕದಿತ್ತು. ಕಾದೆವು, ರಕ್ತದ ಹರಿವು ತಾನಾಗಿಯೇ ನಿಂತಿತು. ಖರ್ಚೆಂದರೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಪ್ರತಿ ಸಲ ₹2,200. ಆ ವರ್ಷದ ಭತ್ತದ ದುಡ್ಡೆಲ್ಲ ಅದಕ್ಕೇ ಹೋಯಿತು. ಮಗಳು ಎಂಟನೇ ತಿಂಗಳಿಗೇ ಹುಟ್ಟಿದಳು. ಗಟ್ಟಿಯಾಗಿದ್ದಾಳೆ.

ಬಳ್ಳಾರಿ: ಕಾಯಿರಿ ಎನ್ನುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ನಮಗೂ ಹಾಗೆಯೇ ಹೇಳಿದ್ದರು. ಒಂದು ಹೃದಯ ಎರಡು ದೇಹಕ್ಕೆ ರಕ್ತ ತಳ್ಳಬೇಕು, ಎಷ್ಟು ದಿನ ತಾಳೀತು? ಹೊಟ್ಟೆಯಲ್ಲಿ ನೀರು ವಿಪರೀತ ತುಂಬಿತು, ಚೆನ್ನಾಗಿದ್ದ ಮಗುವಿನ ಮೈ ಊದಿತು. ಬೆಂಗಳೂರಿನ ರೈಲಿಗೆ ಟಿಕೆಟ್ ಮಾಡಿಸಿಟ್ಟಿದ್ದೆವು. ಹೋಗುವುದೇ ಆಗಲಿಲ್ಲ. ಹಾಗೇ ಬಿಟ್ಟರೆ ಚೆನ್ನಾಗಿರುವ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಉಳಿಯುವುದಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಗಂಗಾವತಿ: ಅಣ್ಣನವರೇ, ನಿಮ್ಮ ನೋವು ಅರ್ಥವಾಗುತ್ತದೆ. ಹಾಗೆಂದು ನನ್ನ ಮಗಳು ಬದುಕಿದ್ದು ಸುಳ್ಳೇ?

ಬಳ್ಳಾರಿ: ಸುಳ್ಳಲ್ಲ, ಅದೃಷ್ಟ. ಅದನ್ನು ಸಲಹೆಯೆಂದು ಹಂಚಬೇಡಿ.

ಕುಷ್ಟಗಿ: ತಂಗಿ ಗ್ರಹಣದಲ್ಲಿ ಹೊರಗೆ ಬಂದಿದ್ದಳೇ, ಮೊದಲು ಕೇಳಿ. ಸೂಜಿ ಹಾಕಿಸುವುದೆಂದರೆ ಒಂದು ಜೀವ ತೆಗೆದಂತೆಯೇ.

ರಾಯಚೂರು: ಅಮ್ಮಾ, ಇದೇ ಮಾತಾಡಿ ನನ್ನ ಅತ್ತೆ ತಿಂಗಳುಗಟ್ಟಲೆ ನನ್ನನ್ನು ಅಳಿಸಿದರು. ಮಾಸಿನಲ್ಲಿ ಇಬ್ಬರ ಅಪಧಮನಿಗಳು ಕೂಡಿಕೊಂಡು, ಒಂದರ ರಕ್ತ ಇನ್ನೊಂದಕ್ಕೆ ಹಿಮ್ಮುಖವಾಗಿ ನುಗ್ಗುವುದರಿಂದ ಹೀಗಾಗುತ್ತದೆ. ಗ್ರಹಣಕ್ಕೂ ಇದಕ್ಕೂ ಏನು ಸಂಬಂಧ? ಹೃದಯವಿಲ್ಲದ್ದು ಹುಟ್ಟಿ ಬದುಕುವುದೇ ಇಲ್ಲ. ನಾನು ಯಾರ ಜೀವವನ್ನೂ ತೆಗೆದಿಲ್ಲ.

ಮಾನ್ವಿ: ಅದಿರಲಿ ಅಕ್ಕಾ, ರಾಯಚೂರಿನಿಂದ ಹೈದರಾಬಾದಿಗೆ ₹11,000 ಕೊಟ್ಟಿರಾ? ಕಾರಿನವನು ಚೆನ್ನಾಗಿಯೇ ಸುಲಿದಿದ್ದಾನೆ. ಬಸ್ಸಿಲ್ಲವೇ?

ರಾಯಚೂರು: ಆ ಸ್ಥಿತಿಯಲ್ಲಿ ನೀವು ಬಸ್ಸಿನಲ್ಲಿ ಕುಳಿತು ಹೋಗಿ ಬನ್ನಿ, ಆಮೇಲೆ ಮಾತಾಡೋಣ.