ಲೇಕ್ ಡಿಸ್ಟ್ರಿಕ್ಟ್‌ಗೆ ಇನ್ನೊಂದು ಸಲ ಹೋಗಬೇಕಾ? ಹೋದ ಸಲ ಬೆಟ್ಟವೇ ಕಾಣಲಿಲ್ಲ

ರೆಡಿಂಗ್ ನಿವಾಸಿ:

ನಮಸ್ಕಾರ ಎಲ್ಲರಿಗೂ. ಇಂಗ್ಲೆಂಡಿನ ಹಳ್ಳಿಗಾಡು ಸುತ್ತಿದವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಜೊತೆಗೆ ಕೆಲಸ ಮಾಡುವ ಗೆಳೆಯ ಒಬ್ಬನಿದ್ದಾನೆ, ತೀರ್ಥಹಳ್ಳಿ ಕಡೆಯವನು. ಆಗಸ್ಟ್ ಕೊನೆಯ ಸೋಮವಾರ ಇಲ್ಲಿ ಬ್ಯಾಂಕ್ ಹಾಲಿಡೇ ಅಂತ ಸಾರ್ವಜನಿಕ ರಜೆ ಅಲ್ವಾ, ಅದರ ಜೊತೆ ರಜೆ ಸೇರಿಸಿ ಇಬ್ಬರೂ ಬಾಡಿಗೆ ಕಾರು ತಗೊಂಡು ಹೊರಟೆವು. ಮೊದಲು ಹಳೇ ಕಲ್ಲುಮನೆಗಳ ಹಳ್ಳಿಗಳಿರುವ ಕಾಟ್ಸ್‌ವೋಲ್ಡ್ಸ್, ಅಲ್ಲಿಂದ ಉತ್ತರಕ್ಕೆ, ಕೆರೆ ಬೆಟ್ಟಗಳ ಲೇಕ್ ಡಿಸ್ಟ್ರಿಕ್ಟ್. ಇವನಿಗೆ ಬೆಟ್ಟ ಅಂದರೆ ಪ್ರಾಣ. ವಾಸ್ಟ್‌ವಾಟರ್ ಕೆರೆಯ ಫೋಟೋ ಇವನ ಲ್ಯಾಪ್‌ಟಾಪ್ ಪರದೆ ಮೇಲೆ ಎಷ್ಟೋ ತಿಂಗಳಿಂದ ಇದೆ.

ಕಾಟ್ಸ್‌ವೋಲ್ಡ್ಸ್‌ನ ಬೈಬರಿ ಹಳ್ಳಿಯಲ್ಲಿ ಆರ್ಲಿಂಗ್ಟನ್ ರೋ ಅಂತ ಸಾಲುಮನೆಗಳಿವೆ, ನೀವೂ ಫೋಟೋದಲ್ಲಿ ನೋಡಿರುತ್ತೀರಿ. 1380ರಲ್ಲಿ ಉಣ್ಣೆ ಇಡೋಕೆ ಅಂತ ಕಟ್ಟಿದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ಕಲ್ಲು ನಿಜವಾಗಿಯೂ ಜೇನಿನ ಬಣ್ಣದ್ದೇ. ಆದರೆ ಗಾಡಿ ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಬೆಳಿಗ್ಗೆ ಕಳೆಯಿತು. ಮನೆಗಳ ಮುಂದೆ ಜಾತ್ರೆ. ಒಬ್ಬ ಅಜ್ಜಿ ಬಾಗಿಲು ತೆಗೆದು ಕಸದ ಚೀಲ ಹೊರಗಿಡಲು ಬಂದರೆ ಅವರ ಮುಖಕ್ಕೇ ಮೊಬೈಲ್ ಹಿಡಿಯುತ್ತಿದ್ದರು. ನಮಗೆ ಅಲ್ಲಿ ನಿಲ್ಲೋಕೇ ಮನಸ್ಸಾಗಲಿಲ್ಲ. ಊಟಕ್ಕೆ ಅಂತ ಪಕ್ಕದ ಊರಿನ ಪಬ್‌ಗೆ ಹೋದರೆ ಎರಡೂವರೆಗೇ ಅಡುಗೆಮನೆ ಮುಚ್ಚಿತ್ತು, ಇನ್ನು ಸಂಜೆ ಆರಕ್ಕೇ ಅಂದರು. ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ಕಾಪಾಡಿತು.

ಆಮೇಲೆ ಎಂ5, ಎಂ6 ಹೆದ್ದಾರಿಗಳ ಉದ್ದಕ್ಕೂ ಟ್ರಾಫಿಕ್. ಕತ್ತಲಾದ ಮೇಲೆ ತಲುಪಿದೆವು. ಹಬ್ಬದ ರೇಟು ಕೊಟ್ಟು ಹಿಡಿದ ರೂಮಿನಲ್ಲಿ ಗೋಡೆಯೆಲ್ಲ ಶೀತ. ಮರುದಿನದಿಂದ ಮಳೆ. ನಮ್ಮ ಕಡೆಯ ಹಾಗೆ ಧೋ ಅಂತ ಸುರಿದು ನಿಲ್ಲುವ ಮಳೆ ಅಲ್ಲ. ಸಣ್ಣದಾಗಿ, ಅಡ್ಡಡ್ಡ, ನಿಲ್ಲದೆ. ವಿಂಡರ್‌ಮಿಯರ್ ಕೆರೆಯಲ್ಲಿ ದೋಣಿ ಹತ್ತಿ ಬರೀ ಬೂದಿ ಬಣ್ಣ ನೋಡಿ ಇಳಿದೆವು. ವಾಸ್ಟ್‌ವಾಟರ್ ಇಂಗ್ಲೆಂಡಿನಲ್ಲೇ ಅತಿ ಆಳದ ಕೆರೆ, ಸುಮಾರು 79 ಮೀಟರ್. ಅದರ ದಡದಲ್ಲಿ ನಿಂತರೂ ಆಚೆ ದಡ ಕಾಣಲಿಲ್ಲ. ಅಲ್ಲೇ ಎದುರಿಗೆ ಸ್ಕಾಫೆಲ್ ಪೈಕ್, 978 ಮೀಟರ್, ದೇಶದ ಅತಿ ಎತ್ತರದ ಬೆಟ್ಟ. ಅದೂ ಇಲ್ಲ. ಇವನು ಫೋನಿನಲ್ಲಿ ಅದೇ ಜಾಗದ ಹಳೆಯ ಫೋಟೋ ತೆರೆದು ಎದುರಿಗೆ ಹಿಡಿದು ನೋಡುತ್ತಾ ನಿಂತ. ನನಗೆ ನಿಜವಾಗಿಯೂ ಬೇಜಾರಾಯಿತು.

ಇಷ್ಟೆಲ್ಲ ಆದರೂ ಆ ಪ್ರಯಾಣ ಮರೆಯೋಕೆ ಆಗುತ್ತಿಲ್ಲ. ಕಾರಣ ಹಾರ್ಡ್‌ನಾಟ್ ಪಾಸ್ ಅನ್ನೋ ಘಾಟಿ ರಸ್ತೆ.

ವಾಸ್ಟ್‌ವಾಟರ್‌ಗೆ ಹೋಗುವಾಗ ಏಂಬಲ್‌ಸೈಡ್ ಊರಿನಿಂದ ಆ ದಾರಿ ಹಿಡಿದಿದ್ದೆವು. ಕೆಲವು ಕಡೆ ಮೂರಕ್ಕೆ ಒಂದು ಏರು, ಅಂದರೆ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರಸ್ತೆ ಒಂದೇ ಕಾರಿನಷ್ಟು ಅಗಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿ ಓಡಿಸಿ ಪಳಗಿದವನು ಇವನು, ಇವನ ಅಂಗೈ ಕೂಡ ಬೆವರಿತ್ತು. ಮಂಜಿನಲ್ಲಿ ಬಾನೆಟ್ ಆಚೆ ಏನೂ ಕಾಣದು. ಒಂದು ತಿರುವಿನಲ್ಲಿ ಕೆಳಗಿನಿಂದ ವ್ಯಾನ್ ಬಂತು. ನಾನು ಇಳಿದು ಮಳೆಯಲ್ಲಿ ಹಿಂದೆ ನಿಂತು, ಬಾ, ಬಾ, ಇನ್ನೂ ಸ್ವಲ್ಪ, ಸಾಕು, ಸ್ಟೇರಿಂಗ್ ಎಡಕ್ಕೆ, ಅಂತ ಕೂಗುತ್ತಾ ಇವನಿಂದ ರಿವರ್ಸ್ ಹಾಕಿಸಿದೆ. ಬಲಗಡೆಯ ಚಕ್ರಕ್ಕೂ ಇಳಿಜಾರಿಗೂ ನಡುವೆ ಒಂದು ಮೊಳ ಹುಲ್ಲು ಅಷ್ಟೇ. ಕ್ಲಚ್ ಸುಟ್ಟ ವಾಸನೆ. ವ್ಯಾನಿನವನು ಪಕ್ಕದಲ್ಲೇ ನಿಧಾನಕ್ಕೆ ಹತ್ತಿ, ಕಿಟಕಿ ಇಳಿಸಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಆಚೆ ಇಳಿಯುವಾಗ ರೋಮನ್ ಕೋಟೆಯೊಂದು ಸಿಗುತ್ತದೆ. ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಹತ್ತಿರ ಹತ್ತಿರ 1,900 ವರ್ಷ ಹಳೆಯದು. ಈಗಿನ ಕ್ರೊಯೇಷಿಯಾ ಕಡೆಯ ಡಾಲ್ಮೇಷಿಯಾದ ಸೈನಿಕರನ್ನು ಇಲ್ಲಿ ಇಟ್ಟಿದ್ದರು. ಕೈ ನಡುಕ ನಿಲ್ಲಲಿ ಅಂತ ಕಾರು ನಿಲ್ಲಿಸಿ ಗೋಡೆ ಮೇಲೆ ಕೂತೆವು. ಇದ್ದಕ್ಕಿದ್ದ ಹಾಗೆ ಮಂಜು ಸರಿಯಿತು. ಕೆಳಗೆ ಎಸ್ಕ್‌ಡೇಲ್ ಕಣಿವೆ, ಕಲ್ಲುಗೋಡೆಗಳು, ಕುರಿಗಳು, ತುದಿಯಲ್ಲಿ ಗೆರೆ ಎಳೆದ ಹಾಗೆ ಸಮುದ್ರ. ಅದನ್ನು ನೋಡುತ್ತಾ ಇವನು ಹೇಳಿದ: "ಅಪ್ಪನಿಗೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯೋಕೆ ಜನ ಸಿಗ್ತಿಲ್ಲ. ಈ ವರ್ಷ ಕೊಳೆರೋಗ ಜಾಸ್ತಿ. ಮರ ಹತ್ತಿ ಅಡಿಕೆ ಕೊಯ್ಯೋ ಕೊನೆಗಾರರೂ ಬರಲ್ಲ ಅಂತಿದ್ದಾರೆ. ನಾನು ಊರಿಗೆ ಹೋಗಿಬಿಡ್ತೀನಿ ಕಣೋ." ಎಷ್ಟೋ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನಂತೆ. ತೋಟದ ಲೆಕ್ಕ, ಸಾಲ, ಅಮ್ಮನ ಮಂಡಿನೋವು, ಎಲ್ಲ ಮಾತಾಡಿದ. ಮಾತು ಮುಗಿಯುವ ಮೊದಲೇ ಮತ್ತೆ ಮಂಜು ಮುಚ್ಚಿತು.

ಮುಂದಿನ ಬೇಸಿಗೆಯ ಹೊತ್ತಿಗೆ ಇವನು ಹೊರಡುತ್ತಾನೆ. ಅಷ್ಟರಲ್ಲಿ ಇನ್ನೊಂದು ಸಲ ಹೋಗೋಣ ಅಂತಾನೆ. ಅಲ್ಲಿಗೇ ಹೋಗೋದಾ, ಬೇರೆ ಕಡೆಗಾ? ಹೋದರೆ ಯಾವ ತಿಂಗಳು, ಹೇಗೆ? ಇಬ್ಬರೂ ಸಸ್ಯಾಹಾರಿಗಳು.

ಲೀಡ್ಸ್ ಕನ್ನಡತಿ:

ಅಲ್ಲಿಗೇ ಹೋಗಿ. ಆದರೆ ಕಾಟ್ಸ್‌ವೋಲ್ಡ್ಸ್ ಜೊತೆ ಸೇರಿಸಬೇಡಿ. ನಡುವೆ 200 ಮೈಲಿಗೂ ಜಾಸ್ತಿ ದಾರಿ, ಅದೂ ಬರ್ಮಿಂಗ್‌ಹ್ಯಾಮ್ ದಾಟಿಕೊಂಡು. ಆಗಸ್ಟ್ ಬ್ಯಾಂಕ್ ಹಾಲಿಡೇ ಅಂದರೆ ಶಾಲೆಗಳಿಗೂ ರಜೆ, ಇಡೀ ದೇಶ ರಸ್ತೆಯಲ್ಲಿರುತ್ತದೆ. ಮೇ ತಿಂಗಳ ನಡುವಿನ ವಾರ ನೋಡಿ. ಮೇ ಮೊದಲ ಸೋಮವಾರ, ಕೊನೆಯ ಸೋಮವಾರ ಎರಡೂ ರಜೆ, ಕೊನೆಯ ವಾರ ಶಾಲೆಗೂ ರಜೆ ಇರುತ್ತದೆ, ಅವನ್ನು ಬಿಟ್ಟುಬಿಡಿ. ಸಾಮಾನ್ಯವಾಗಿ ಏಪ್ರಿಲ್, ಮೇನಲ್ಲಿ ಅಲ್ಲಿ ಮಳೆ ಸ್ವಲ್ಪ ಕಡಿಮೆ. ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಹಾಗಾಗಿ ಬೆಳಿಗ್ಗೆ ಮಳೆ ಬಂದರೂ ಸಂಜೆ ನಿಮ್ಮ ಕೈಲಿರುತ್ತದೆ.

ಮೇನಲ್ಲಿ ಇನ್ನೊಂದು ಲಾಭ ಹರ್ಡ್‌ವಿಕ್ ಕುರಿಮರಿಗಳು. ಹುಟ್ಟುವಾಗ ಕಪ್ಪು, ವಯಸ್ಸಾದಂತೆ ಬೂದಿ ಬಣ್ಣ. ಆ ಬೆಟ್ಟಗಳಲ್ಲಿ ಎಷ್ಟೋ ಕಡೆ ಬೇಲಿ ಇಲ್ಲ, ಆದರೂ ಕುರಿಗಳು ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ, ತಾಯಿಯ ಜೊತೆ ಮೇಯುತ್ತಲೇ ಮರಿ ಗಡಿ ಕಲಿಯುತ್ತದೆ. ತೋಟದ ಮನೆಯಿಂದ ಬಂದ ನಿಮ್ಮ ಗೆಳೆಯನಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಊಟದ ವಿಷಯ, ಇದನ್ನು ಗಮನವಿಟ್ಟು ಓದಿ. ಉತ್ತರ ಇಂಗ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ನಮ್ಮ ಯಾರ್ಕ್‌ಶೈರ್ ಕಡೆಯಂತೂ ಜಾಸ್ತಿ. ಬರೀ ಆಲೂಗಡ್ಡೆ ತಾನೇ ಅಂತ ತಿನ್ನಬೇಡಿ, ಯಾವ ಎಣ್ಣೆ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಡುಗೆಮನೆ ಇರುವ ಕಾಟೇಜ್ ಹಿಡಿಯುವುದು ಇನ್ನೂ ಒಳ್ಳೆಯದು. ಕುಕ್ಕರ್, ಅಕ್ಕಿ, ಬೇಳೆ, ಸಾರಿನ ಪುಡಿ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆಯುವುದು, ಕಾನೂನೇ ಹಾಗಿದೆ. ಸಾಮಾನು ಶನಿವಾರವೇ ತಗೊಳ್ಳಿ.

ಹುಲಿಕಲ್ ಘಾಟಿ:

ಗುರು, ಮಳೆಯಲ್ಲಿ ಹಾರ್ಡ್‌ನಾಟ್ ಮತ್ತೆ ಬೇಡ. ಎಂ6ನ 36ನೇ ಜಂಕ್ಷನ್‌ನಲ್ಲಿ ಇಳಿದು ಎ590, ಆಮೇಲೆ ಎ595 ಹಿಡಿದು ಸಮುದ್ರದ ಕಡೆಯಿಂದ ಎಸ್ಕ್‌ಡೇಲ್‌ಗೆ ಬನ್ನಿ. ಸುತ್ತು ಹೌದು, ಆದರೆ ಇಬ್ಬರ ಜೀವವೂ ತಣ್ಣಗಿರುತ್ತದೆ. ಕೋಟೆಗೆ ಕೆಳಗಿನಿಂದಲೇ ನಡೆದು ಹೋಗಬಹುದು.

ಇಂಥ ರಸ್ತೆಗೆ ಮೊದಲ ಸಲ ಹೋಗುವವರೂ ಓದುತ್ತಿರುತ್ತಾರೆ, ಅವರಿಗೆ ಎರಡು ಮಾತು. ರಸ್ತೆ ಪಕ್ಕದಲ್ಲಿ ಅಲ್ಲಲ್ಲಿ ಅಗಲ ಮಾಡಿರುತ್ತಾರೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ಆ ಕಡೆ ದಾಟಬೇಡಿ, ಅದರ ಎದುರಿಗೇ ನಿಂತು ಎದುರಿನವರಿಗೆ ಬಿಡಿ. ಆದಷ್ಟು ಏರು ಹತ್ತುತ್ತಿರುವವರಿಗೆ ದಾರಿ ಕೊಡಬೇಕು. ನೀವು ಇಳಿಯುತ್ತಿದ್ದರೂ ರಿವರ್ಸ್ ಹಾಕಿ ವ್ಯಾನಿಗೆ ಬಿಟ್ಟಿರಿ ನೋಡಿ, ಸರಿಯಾಗಿಯೇ ಮಾಡಿದ್ದೀರಿ. ಇನ್ನೊಂದು, ಬಿಳಿ ವೃತ್ತದ ಮೇಲೆ ಕಪ್ಪು ಅಡ್ಡಗೆರೆ ಬೋರ್ಡ್ ಇದ್ದರೆ ಇಂಥ ರಸ್ತೆಯಲ್ಲಿ ಮಿತಿ 60 ಮೈಲಿ. ಅದು ಮಿತಿ ಅಷ್ಟೇ, ಆ ವೇಗದಲ್ಲಿ ಹೋಗಬೇಕು ಅಂತಲ್ಲ. ತಿರುವಿನ ಆಚೆ ಟ್ರ್ಯಾಕ್ಟರ್ ಇರುತ್ತದೆ, ಇಲ್ಲಾ ಕುರಿ ಮಲಗಿರುತ್ತದೆ. ಇಂಡಿಯಾ ಲೈಸೆನ್ಸ್ ಇಲ್ಲಿಗೆ ಬಂದು ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನೂ ನೋಡಿಕೊಳ್ಳಿ.

ಬೀದಿ ಬಸವ:

ಕಾಟ್ಸ್‌ವೋಲ್ಡ್ಸ್ ಬಗ್ಗೆ ಬೇಜಾರು ಮಾಡಿಕೊಂಡು ಬಿಟ್ಟುಬಿಡಬೇಡಿ. ರೆಡಿಂಗ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಬೇರೆಯಾಗಿ ಹೋಗಿ. ಮೋರ್ಟನ್-ಇನ್-ಮಾರ್ಶ್ ಹತ್ತಿರ ಸೆಜಿನ್‌ಕೋಟ್ ಅಂತ ಒಂದು ಬಂಗಲೆ ಇದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ವಾಪಸಾದ ಚಾರ್ಲ್ಸ್ ಕಾಕರೆಲ್ 1805ರ ಸುಮಾರಿಗೆ ಕಟ್ಟಿಸಿದ್ದು. ಮೇಲೆ ಮೊಘಲರ ಕಾಲದ ಥರದ ತಾಮ್ರದ ಗುಮ್ಮಟ, ತೋಟದ ಸೇತುವೆ ಮೇಲೆ ನಂದಿಗಳು! ಆ ತೋಟದಲ್ಲಿ ಕೈಯಾಡಿಸಿದವನು ನಮ್ಮ ದೇಶದಲ್ಲಿ ವರ್ಷಗಟ್ಟಲೆ ಸುತ್ತಿ ಚಿತ್ರ ಬರೆದ ಥಾಮಸ್ ಡೇನಿಯಲ್. ಇಂಗ್ಲೆಂಡಿನ ಹಸಿರು ಗುಡ್ಡದ ನಡುವೆ ಸಾಲಾಗಿ ಕೂತ ಬಸವಣ್ಣನನ್ನು ನೋಡಿದಾಗ ನನಗೆ ಸಂತೋಷವೂ ಆಯಿತು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ನೆನೆದು ಹೊಟ್ಟೆಯೂ ಉರಿಯಿತು. ವರ್ಷವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ನನ್ನ ಕೇಳಿದರೆ, ಹೆಸರಾದ ಹಳ್ಳಿಗಳ ಬದಲು ಕಾಲುದಾರಿ ಹಿಡಿಯಿರಿ. ಹೊಲದ ನಡುವೆಯೇ ಜನ ನಡೆಯುವ ಹಕ್ಕು ಇರುವ ದಾರಿಗಳು ಇಡೀ ಇಂಗ್ಲೆಂಡಿನಲ್ಲಿ ಇವೆ. ಗೇಟು ತೆಗೆದು ಒಳಗೆ ಹೋಗಿ, ಹಾಗೇ ಮುಚ್ಚಿ ಮುಂದೆ ನಡೆಯಿರಿ. ಬೈಬರಿಯಿಂದ ಅರ್ಧ ಗಂಟೆ ನಡೆದರೆ ಸಾಕು, ಸೆಲ್ಫಿ ಕೋಲು ಒಂದೂ ಕಾಣುವುದಿಲ್ಲ.

ತುಂಗೆ ದಂಡೆ:

ನಾನು ಒಂದು ವಿಷಯ ಹೇಳಲೇಬೇಕು. ಇಂಥ ಕಥೆ ಹೇಳಿದರೆ ಜನ ತಕ್ಷಣ, ಬೆಟ್ಟ ಕಾಣದಿದ್ದರೇನು ಗೆಳೆಯ ಜೊತೆಗಿದ್ದನಲ್ಲ, ಅಂತ ಸಮಾಧಾನ ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಆ ಹುಡುಗ ತಿಂಗಳುಗಟ್ಟಲೆ ಪರದೆ ಮೇಲೆ ಇಟ್ಟುಕೊಂಡಿದ್ದು ವಾಸ್ಟ್‌ವಾಟರ್ ಫೋಟೋ. ಅದನ್ನು ನೋಡಬೇಕು ಅನ್ನುವ ಆಸೆ ಸಣ್ಣದಲ್ಲ. ಊರಿಗೆ ಹೋದ ಮೇಲೆ ಮಳೆಗಾಲವಿಡೀ ಔಷಧಿ, ಆಮೇಲೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು. ಮತ್ತೆ ಈ ಕಡೆ ಬರುವುದು ಯಾವಾಗಲೋ. ನಾನೂ ತೋಟದ ಮನೆಯವನೇ, ಹೇಳ್ತೀನಿ, ಕರೆದುಕೊಂಡು ಹೋಗಿ ಆ ಬೆಟ್ಟ ತೋರಿಸಿ.

ಮಳೆಗೆ ಒಂದು ಉಪಾಯ ಇದೆ. ಅಲ್ಲಿ ಮೋಡ ಬರುವುದು ಹೆಚ್ಚಾಗಿ ಪಶ್ಚಿಮದ ಸಮುದ್ರದಿಂದ, ನಮ್ಮ ಘಟ್ಟದ ಹಾಗೆಯೇ. ನಡುವಿನ ಬೆಟ್ಟಗಳಿಗೆ ತಾಗಿ ಅಲ್ಲೇ ಸುರಿಯುತ್ತದೆ. ಸೀಥ್‌ವೇಟ್ ಅನ್ನೋ ಊರಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಆಗುಂಬೆಯ ಅರ್ಧದಷ್ಟು. ಆದರೆ ಪೂರ್ವಕ್ಕೆ ಪೆನ್ರಿತ್ ಕಡೆ ಇಳಿದರೆ ತುಂಬಾ ಕಡಿಮೆ. ಹಾಗಾಗಿ ಯಾವ ದಿನ ಎಲ್ಲಿಗೆ ಅಂತ ಮೊದಲೇ ಬರೆದಿಡಬೇಡಿ. ರೂಮು ಒಂದೇ ಕಡೆ ಮಾಡಿ. ಬೆಟ್ಟಗಳಿಗೆ ಅಂತಲೇ ಬೇರೆ ಹವಾಮಾನ ವರದಿ ಕೊಡುತ್ತಾರೆ, ದಿನಾ ಬೆಳಿಗ್ಗೆ ಅದನ್ನು ನೋಡಿ. ಮೋಡ ಎತ್ತರದಲ್ಲಿದ್ದ ದಿನ ಬೇರೆ ಎಲ್ಲ ಬಿಟ್ಟು ವಾಸ್ಟ್‌ವಾಟರ್‌ಗೆ ಹೋಗಿ. ಮಳೆ ಬಂದ ದಿನ ಎಸ್ಕ್‌ಡೇಲ್‌ನಿಂದ ರೇವನ್‌ಗ್ಲಾಸ್‌ಗೆ ಪುಟ್ಟ ರೈಲಿದೆ, 1875ರಲ್ಲಿ ಶುರುವಾದದ್ದು, ಏಳು ಮೈಲಿ, ಹಳಿಯ ಅಗಲ ಬರೀ 15 ಇಂಚು. ರೇವನ್‌ಗ್ಲಾಸ್‌ನಲ್ಲಿ ರೋಮನ್ನರ ಸ್ನಾನಗೃಹದ ಗೋಡೆ ಇನ್ನೂ ಆಳೆತ್ತರಕ್ಕಿಂತ ಜಾಸ್ತಿ ನಿಂತಿದೆ. ನೀವು ಕೂತಿದ್ದ ಕೋಟೆ ಇತ್ತಲ್ಲ, ಅವರ ರಸ್ತೆ ಇಲ್ಲಿಂದಲೇ ಹೊರಟು ಆ ಕೋಟೆ ಮೇಲೆ ಹಾದು ಏಂಬಲ್‌ಸೈಡ್‌ಗೆ ಹೋಗುತ್ತಿತ್ತು.

ರೆಡಿಂಗ್ ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆಳೆಯನಿಗೂ ಓದಿಸಿದೆ. ತುಂಗೆ ದಂಡೆ ಅವರ ಮಾತು ಓದಿ, "ನಮ್ಮೂರಿನವರೇ ಇರಬೇಕು, ಯಾವ ಊರು ಕೇಳು" ಅಂದ. ಮೇ ಎರಡನೇ ವಾರಕ್ಕೆ ಎಸ್ಕ್‌ಡೇಲ್‌ನಲ್ಲಿ ಕಾಟೇಜ್ ನೋಡುತ್ತಿದ್ದೇವೆ, ಸಮುದ್ರದ ಕಡೆಯಿಂದಲೇ ಬರುತ್ತೇವೆ. ಸೆಜಿನ್‌ಕೋಟ್ ಅದಕ್ಕೂ ಮೊದಲು, ಅದು ತೆರೆದಿರುವ ಒಂದು ದಿನ.

ಲೀಡ್ಸ್ ಮೇಡಂ, ಒಂದೇ ಪ್ರಶ್ನೆ. ಕಾಟೇಜ್‌ಗಳಲ್ಲಿ ಇಂಡಕ್ಷನ್ ಒಲೆ ಜಾಸ್ತಿ ಇರುತ್ತದಾ, ಗ್ಯಾಸಾ? ನಮ್ಮ ಕುಕ್ಕರ್ ಅಲ್ಯೂಮಿನಿಯಂದು.

ಲೀಡ್ಸ್ ಕನ್ನಡತಿ:

ಎರಡೂ ಇರುತ್ತವೆ, ಬುಕ್ ಮಾಡುವ ಮೊದಲು ಮಾಲೀಕರಿಗೆ ಮೆಸೇಜ್ ಮಾಡಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ, ತಳ ಕಾಂತಕ್ಕೆ ಅಂಟುವ ಸ್ಟೀಲ್ ಕುಕ್ಕರ್ ಬೇಕು. ಸಿಗದಿದ್ದರೆ ಎಲೆಕ್ಟ್ರಿಕ್ ರೈಸ್ ಕುಕ್ಕರ್ ತಗೊಂಡು ಹೋಗಿ, ಬಿಸಿಬೇಳೆಬಾತೂ ಅದರಲ್ಲೇ ಆಗುತ್ತದೆ.