ಕಡ್ಲೆಕಾಯಿ ಹೊಲದ ಬದುವಿನ ಇಲಿ: ಪಾಷಾಣ ಮುಟ್ಟುತ್ತಿಲ್ಲ, ಬೋನಾ, ಹೊಗೆಯಾ?

ಪ್ರಶ್ನೆ: ಮಧುಗಿರಿ_ಹೊಲ
ಮಧುಗಿರಿ ತಾಲ್ಲೂಕು, ಮೈದನಹಳ್ಳಿ ಕಡೆ. 3 ಎಕರೆ ಮಳೆಯಾಶ್ರಿತ ಕಡ್ಲೆಕಾಯಿ, ಅಂಚಿಗೆ 40 ತೆಂಗಿನ ಮರ. ಕಾಯಿ ಕಟ್ಟುವ ಹೊತ್ತಿಗೆ ಬುಡ ಕೆದರಿ, ಸಿಪ್ಪೆ ಬಿಟ್ಟು ಬೀಜ ತಿಂದು ಹೋಗ್ತವೆ. ಬದುವಿನಲ್ಲಿ ಅರವತ್ತಕ್ಕೂ ಮೇಲೆ ಬಿಲ. ಜಿಂಕ್ ಫಾಸ್ಫೈಡ್ ಪಾಷಾಣ ಇಟ್ಟ ಮೊದಲ ರಾತ್ರಿ ಒಂದಷ್ಟು ಸತ್ತವು, ಆಮೇಲೆ ಮೂಸಿಯೂ ನೋಡ್ತಿಲ್ಲ. ತೆಂಗಿನಲ್ಲಿ ಎಳೆಕಾಯಿ ತೂತು ಬಿದ್ದು ಉದುರುತ್ತಿವೆ. ಮೊಲದ ಕಾಟವೂ ಇದೆ, ಉರುಳು ಹಾಕೋಣ ಅಂತ ಪಕ್ಕದ ಹೊಲದವರು ಹೇಳ್ತಿದ್ದಾರೆ. ಏನು ಮಾಡಬೇಕು?

ಬದು_ಬಿಲ
ಮೊದಲು ಆ ಅರವತ್ತರಲ್ಲಿ ಇಲಿ ಇರುವ ಬಿಲ ಎಷ್ಟು ಅಂತ ತಿಳಿದುಕೊಳ್ಳಿ. ಸಂಜೆ ಎಲ್ಲಾ ಬಾಯಿಗೂ ಹಸಿಮಣ್ಣು ಮೆತ್ತಿ. ಬೆಳಿಗ್ಗೆ ತೆರೆದುಕೊಂಡಿದ್ದಕ್ಕೆ ಮಾತ್ರ ಒಂದು ಕಡ್ಡಿ ನೆಡಿ. ಜೇಡರ ಬಲೆ ಕಟ್ಟಿದ ಬಾಯಿಗೆ ಪಾಷಾಣ ಸುರಿದರೆ ದಂಡ.

ಯಾವ ಇಲಿ ಅಂತಲೂ ನೋಡಿ. ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣದ ಜಾತಿ, ಒಳಗೆ ಕಾಯಿ ಕೂಡಿಟ್ಟಿರುತ್ತೆ. ಗುಡ್ಡೆಯಿಲ್ಲದೆ, ಒಂದೇ ಬಿಲಕ್ಕೆ ನಾಲ್ಕಾರು ಬಾಯಿ ಇದ್ದರೆ ಬಾಲದ ತುದಿಯಲ್ಲಿ ಕಪ್ಪು ಕುಚ್ಚಿರುವ ಜರ್ಬಿಲ್. ಒಣ ಕೆಂಪು ಮಣ್ಣಿನಲ್ಲಿ ಇದೇ ಜಾಸ್ತಿ.

ನೀವು ಇಡದೆ ಹೋದದ್ದು ರೂಢಿ ತಿಂಡಿ, ಅಂದರೆ ವಿಷಕ್ಕೆ ಮುಂಚೆ ವಿಷವಿಲ್ಲದೆ ತಿನ್ನಿಸಿ ರೂಢಿ ಮಾಡಿಸುವ ತಿಂಡಿ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ಫಾಸ್ಫೀನ್ ಅನಿಲ ಆಗುತ್ತೆ. ಇಲಿ ಹೊಸ ತಿಂಡಿಯನ್ನು ಮೊದಲು ಚೂರೇ ಕಚ್ಚಿ ನೋಡುತ್ತೆ. ಅಷ್ಟಕ್ಕೆ ಸಾಯದೆ ಸಂಕಟಪಟ್ಟರೆ ಆ ವಾಸನೆಯನ್ನು ಮರೆಯಲ್ಲ. ಮುಂದಿನ ಸಲ ಕ್ರಮ ಹೀಗಿರಲಿ: ಕಡ್ಡಿ ನೆಟ್ಟ ದಿನವೇ 980 ಗ್ರಾಂ ನುಚ್ಚಿಗೆ 20 ಗ್ರಾಂ ಎಣ್ಣೆ ಕಲಸಿ, ವಿಷ ಹಾಕದೆ ಬಿಲಕ್ಕೆ 20 ಗ್ರಾಂ ಒಳಗಿಡಿ. ಎರಡು ಮೂರು ದಿನ ಇದನ್ನೇ ತಿನ್ನಿಸಿ. ಆಮೇಲೆ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಜಿಂಕ್ ಫಾಸ್ಫೈಡ್. ಗ್ಲೌಸ್ ಹಾಕಿ, ಬಯಲಲ್ಲಿ, ಕೋಲಿನಲ್ಲಿ ಕಲಸಿ. ಬಿಲಕ್ಕೆ 10 ಗ್ರಾಂ, ಕಾಗದದ ಪೊಟ್ಟಣದಲ್ಲಿ, ಕೈಯಳತೆ ಒಳಗೆ. ನೆಲ ಒದ್ದೆ ಇದ್ದರೆ ಬೇಡ, ತೇವಕ್ಕೆ ಮದ್ದಿನ ಶಕ್ತಿ ಹೋಗುತ್ತೆ.

ಒಂದು ಸಲ ಅಂಜಿದವಕ್ಕೆ ಅದನ್ನೇ ಮತ್ತೆ ಇಡಬೇಡಿ. ಎರಡು ತಿಂಗಳಾದರೂ ಬಿಡಿ.

ಮಧುಗಿರಿ_ಹೊಲ
ಅಲ್ಲಿಯವರೆಗೆ ಕಾಯಿ ಉಳಿಯಲ್ಲ. ಈಗ ಏನು ಇಡೋದು?

ಬದು_ಬಿಲ
ಬ್ರೊಮಾಡಿಯೊಲೋನ್. 0.25% ಪುಡಿ ಸಿಗುತ್ತೆ. 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಪುಡಿ ಕಲಸಿದರೆ ತಿಂಡಿಯಲ್ಲಿ 0.005% ಬರುತ್ತೆ. ಬಿಲಕ್ಕೆ 15 ಗ್ರಾಂ. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಸಾಯೋಕೆ ಕೆಲವು ದಿನ ಬೇಕು. ಹಾಗಾಗಿ ತಿಂಡಿಗೂ ಸಂಕಟಕ್ಕೂ ಇಲಿ ಗಂಟು ಹಾಕಲ್ಲ. ನುಚ್ಚನ್ನೂ ಬದಲಿಸಿ, ಅಕ್ಕಿ ಇಟ್ಟಿದ್ದರೆ ಈಗ ಜೋಳ. ಆದರೂ ಹೊಲದಲ್ಲಿ ಕಾಯಿ ತುಂಬಿರುವಾಗ ನಮ್ಮ ತಿಂಡಿಗೆ ಗಿರಾಕಿ ಕಮ್ಮಿ. ಈ ಕೆಲಸಕ್ಕೆ ಸರಿಯಾದ ಕಾಲ ಮೇ ತಿಂಗಳು, ಬಿತ್ತನೆಗೆ ಮುಂಚೆ, ಅಕ್ಕಪಕ್ಕದ ಹೊಲದವರೆಲ್ಲ ಒಂದೇ ವಾರದಲ್ಲಿ. ಒಬ್ಬರೇ ಮಾಡಿದರೆ ಖಾಲಿ ಬಿಲಕ್ಕೆ ಪಕ್ಕದ ಬದುವಿನವು ಬಂದು ಸೇರ್ತವೆ.

ಸತ್ತಿದ್ದನ್ನು ದಿನಾ ಆರಿಸಿ ಆಳವಾಗಿ ಹೂಳಿ. ಗೂಬೆ, ನಾಯಿ ತಿಂದರೆ ಅವಕ್ಕೂ ವಿಷ. ಆ ಕಡೆ ಕೃಷ್ಣಮೃಗ ಓಡಾಡ್ತವೆ, ಬಿಲದ ಹೊರಗೆ ಒಂದು ಕಾಳೂ ಚೆಲ್ಲಬಾರದು. ಜಾನುವಾರೋ ಮಕ್ಕಳೋ ತಿಂದರೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ: ಬ್ರೊಮಾಡಿಯೊಲೋನ್‌ಗೆ ವಿಟಮಿನ್ ಕೆ1 ಇದೆ, ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಯಾರಾದರೂ ಕೊಡ್ತೀನಿ ಅಂದರೂ ತರಬೇಡಿ. ಅದು ತರಬೇತಿ ಪಡೆದವರ ಕೈಯಲ್ಲೇ ಇರಬೇಕಾದ ಮದ್ದು.

ಬೋನು_ಬಿಲ್ಲು
ವಿಷದ ಜೊತೆಗೆ ಬೋನೂ ಇರಲಿ. ಬಿದಿರಿನ ಬಿಲ್ಲು ಬೋನಾದರೆ ಬಿಲದ ಬಾಯಿಂದ ಒಂದಡಿ ದೂರದಲ್ಲಿ, ಅದು ಓಡಾಡಿ ಸವೆದ ದಾರಿಯಲ್ಲೇ ನೆಡಿ. ತಂತಿ ಬೋನಾದರೆ ಬಾಗಿಲನ್ನು ದಾರದಿಂದ ಕಟ್ಟಿ ಎರಡು ರಾತ್ರಿ ತಿಂಡಿ ಸುಮ್ಮನೆ ತಿನ್ನಿಸಿ, ಮೂರನೇ ರಾತ್ರಿ ದಾರ ಬಿಚ್ಚಿ. ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರಿಗಿಂತ ಒಳ್ಳೆ ತಿಂಡಿ ಇಲ್ಲ. ಕಡ್ಲೆಕಾಯಿ ಹೊಲದಲ್ಲಿ ಕಡ್ಲೆಕಾಯಿಯನ್ನೇ ಕಟ್ಟಿದರೆ ಯಾಕೆ ಬರುತ್ತೆ? ಇಲಿ ಸಿಕ್ಕ ಬೋನನ್ನು ಬಿಸಿನೀರಲ್ಲಿ ತೊಳೆದೇ ಮತ್ತೆ ಇಡಿ.

ಬಿಲದೊಳಗೆ ಹೊಗೆ ಊದುವ ಮಡಿಕೆ ಗಟ್ಟಿ ನೆಲದ ಹೆಗ್ಗಣಕ್ಕೆ ಸರಿ. ಮಿಕ್ಕ ಬಾಯಿಗಳಿಗೆ ಮಣ್ಣು ಮೆತ್ತಿ ಒಂದಕ್ಕೆ ಬಲೆ ಹಿಡಿಯಬೇಕು. ಬಿರುಕು ಬಿಟ್ಟ ನೆಲದಲ್ಲಿ ಹೊಗೆ ಸಂದಿನಲ್ಲೇ ಸೋರಿಹೋಗುತ್ತೆ. ಕೇರೆಹಾವು ಹೊರಬಂದರೆ ದಾರಿ ಬಿಡಿ, ಅದು ಒಳಗೆ ಹೋಗಿದ್ದೇ ಇಲಿಗೆ. ಬಿಲ ಅಗೆಯುವಾಗ ಬೂಟು, ಗ್ಲೌಸ್ ತಪ್ಪಿಸಬೇಡಿ. ಇಲಿ ಮೂತ್ರದ ಕೆಸರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರುತ್ತೆ.

ತಿಪಟೂರು_ತೆಂಗು
ತೊಟ್ಟಿನ ಹತ್ತಿರ ತೂತು ಇದ್ದರೆ ಮರ ಹತ್ತುವ ಇಲಿ, ಬದುವಿನದ್ದಲ್ಲ. ಐದು ಮರಕ್ಕೊಂದರಂತೆ ಸುಳಿಯಲ್ಲಿ 10 ಗ್ರಾಂ ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆ ಇಡಿಸಿ, 12 ದಿನ ಬಿಟ್ಟು ಇನ್ನೊಂದು ಸಲ. ನಿಮ್ಮ 40 ಮರಕ್ಕೆ ಒಂದು ಸುತ್ತಿಗೆ 8 ಬಿಲ್ಲೆ. ಇದಾದ ಮೇಲೆ ನೆಲದಿಂದ 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಸುತ್ತಿಸಿ. ಮೊದಲೇ ಸುತ್ತಿದರೆ ಮೇಲಿರುವ ಇಲಿ ಮೇಲೇ ಸಂಸಾರ ಹೂಡುತ್ತೆ. ಗರಿ ಗರಿಗೆ ತಾಗಿದ್ದರೆ ತಗಡು ವ್ಯರ್ಥ, ಅಂಥ ಮರಗಳಿಗೆ ಬಿಲ್ಲೆಯೇ ಗತಿ.

ಕಾಡಂಚು
ಉರುಳು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲ, ಕೌಜುಗ, ನವಿಲು, ಹಂದಿ ಎಲ್ಲಕ್ಕೂ ರಕ್ಷಣೆ ಇದೆ. ಲೈಸೆನ್ಸ್ ಬೇಡದ ಏರ್‌ಗನ್‌ನಿಂದ ಹೊಡೆದರೂ ಬೇಟೆ ಬೇಟೆಯೇ, ಕೇಸು ಆಗುತ್ತೆ. ಅದಕ್ಕಿಂತ ಮುಖ್ಯ, ಕ್ಲಚ್ ವೈರಿನ ಉರುಳಿಗೆ ಮೊಲವೇ ಬರಬೇಕು ಅಂತಿಲ್ಲ. ಚಿರತೆ ಸೊಂಟಕ್ಕೆ ಸಿಕ್ಕಿಕೊಂಡು ಎಳೆದಷ್ಟೂ ತಂತಿ ಒಳಗೆ ಕೊರೆಯುತ್ತೆ.

ಮೊಲ ಕಡಿಯೋದು ಎಳೆ ಪೈರನ್ನು. ಒಂದೂವರೆ ಅಂಗುಲದ ಕಣ್ಣಿನ ಜಾಲರಿ, ನೆಲದ ಮೇಲೆ ಎರಡೂವರೆ ಅಡಿ, ನೆಲದೊಳಗೆ ಅರ್ಧ ಅಡಿ. ಬುಡ ಹೂಳದಿದ್ದರೆ ಅಡಿಯಿಂದ ನುಸುಳುತ್ತೆ. ಮೂರೆಕರೆಗೂ ಕಟ್ಟೋಕೆ ಹಣ ಸಾಲದಿದ್ದರೆ ಕುರುಚಲು ಕಡೆಗಿರುವ ಅಂಚಿಗೆ ಮೊದಲು ಕಟ್ಟಿ.